ತರಗತಿಯ ಆಚೆಗಿನ ಗುರುಗಳು

ಮುಂಗಾರಿನ ಮೊದಲ ಮಳೆಗಳು ಬಿದ್ದು ತೋಟಗಳಲ್ಲಿ ಕಾಫಿ ಸಸಿಗಳನ್ನು ನೆಡುವ ಕೆಲಸ ಆರಂಭವಾಗುವ ಹೊತ್ತಿಗೆ ನಮ್ಮ ಮಲೆನಾಡಿನ ಮನೆಗಳಿಂದ ಮಕ್ಕಳೂ ಹೊರಡುತ್ತಾರೆ. ಕಳಸ, ಬಾಳೆಹೊನ್ನೂರು, ಕೊಟ್ಟಿಗೆಹಾರ, ಮೂಡಿಗೆರೆಗಳ ಬಸ್ಸುಗಳಲ್ಲಿ ಪೆಟ್ಟಿಗೆ ಹಾಸಿಗೆಗಳೊಂದಿಗೆ ಹದಿನೇಳು ಹದಿನೆಂಟರ ಹರೆಯದ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಕೆಲವರ ಪಯಣ ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜಿಗೋ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯಕ್ಕೋ ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯಕ್ಕೋ ಮುಗಿಯುತ್ತದೆ. ಇನ್ನು ಅನೇಕರು ಚಾರ್ಮಾಡಿ ಘಟ್ಟವಿಳಿದು ಉಜಿರೆ, ಮೂಡುಬಿದಿರೆ, ಮಂಗಳೂರುಗಳನ್ನು ಸೇರುತ್ತಾರೆ. ಮತ್ತೆ ಕೆಲವರು ಮೈಸೂರು, ಬೆಂಗಳೂರುಗಳನ್ನು ಅರಸಿ ಹೋಗುತ್ತಾರೆ. ಮಗನನ್ನೋ ಮಗಳನ್ನೋ ಬೀಳ್ಕೊಡುವ ತಂದೆತಾಯಿಗಳು ಕಾಲೇಜಿನ ಕುರಿತು ಶುಲ್ಕವೆಷ್ಟು, ಫಲಿತಾಂಶವೇನು, ಮುಂದೆ ಕೆಲಸ ಸಿಗುವುದೇ ಎಂದೆಲ್ಲ ವಿಚಾರಿಸುತ್ತಾರೆ. ಆದರೆ ಸಂಜೆ ನಾಲ್ಕರ ಗಂಟೆ ಬಾರಿಸಿದ ಬಳಿಕ ನಮ್ಮ ಮಗುವನ್ನು ನೋಡಿಕೊಳ್ಳುವವರು ಯಾರು, ಆ ಕೆಲಸಕ್ಕೆ ಅವರಿಗೆ ಯಾವ ತರಬೇತಿ ದೊರೆತಿದೆ ಎಂದು ಕೇಳುವವರು ವಿರಳ. ಈ ವಾರ ನಾವು ವಾಚಕರ ಮುಂದಿಡಬಯಸುವುದು ಆ ಪ್ರಶ್ನೆಯನ್ನೇ.

ಅಧ್ಯಾಪಕರ ಪಾಲಿಗೆ ವಿದ್ಯಾರ್ಥಿ ದಿನಕ್ಕೆ ಐದಾರು ಗಂಟೆ ಮಾತ್ರ ದೊರೆಯುತ್ತಾನೆ. ಉಳಿದ ಹದಿನೆಂಟು ಗಂಟೆಗಳ ಬದುಕಿಗೆ ವಿದ್ಯಾರ್ಥಿನಿಲಯದ ವಾರ್ಡನ್, ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ, ಆಪ್ತಸಮಾಲೋಚಕರು, ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿ, ದೈಹಿಕ ಶಿಕ್ಷಣ ನಿರ್ದೇಶಕರು, ವಿದ್ಯಾರ್ಥಿವೇತನದ ಕಡತ ನೋಡುವ ಗುಮಾಸ್ತರು, ಕಥೋಲಿಕ ಕಾಲೇಜುಗಳಾದರೆ ಅಲ್ಲಿನ ಆಧ್ಯಾತ್ಮಿಕ ಗುರುಗಳು, ಹೀಗೆ ಹಲವರು ಹೊಣೆಗಾರರು. ಹೊಸ ಊರಿನಲ್ಲಿ ಕಂಗೆಟ್ಟು ಓದು ಬಿಡಲು ಹೊರಟವನನ್ನು ಹಿಡಿದು ನಿಲ್ಲಿಸುವುದು ಅನೇಕ ವೇಳೆ ಇವರಲ್ಲಿ ಯಾರಾದರೊಬ್ಬರ ಒಂದು ಮಾತು. ಆದರೂ ನಮ್ಮ ಕಾಲೇಜುಗಳ ವೇತನಪಟ್ಟಿಯಲ್ಲಿ, ಆದ್ಯತೆಯ ಪಟ್ಟಿಯಲ್ಲಿ ಇವರ ಸ್ಥಾನ ಸಾಮಾನ್ಯವಾಗಿ ಕೊನೆಯದು. ಪಾಠದ ಹೊರೆ ಹೊತ್ತ ಉಪನ್ಯಾಸಕರೊಬ್ಬರಿಗೆ ಕ್ಷೇಮಪಾಲನೆಯನ್ನು ಹೆಚ್ಚುವರಿ ಕೆಲಸವಾಗಿ ವಹಿಸುವುದು, ಬೇರೆ ಕೆಲಸಕ್ಕೆ ಒದಗದವರನ್ನು ವಾರ್ಡನ್ ಮಾಡುವುದು ಎಲ್ಲೆಡೆಯ ರೂಢಿಯಾಗಿದೆ.

ಇದೊಂದು ಸ್ವತಂತ್ರ ವೃತ್ತಿಯಾಗಿ ಬೆಳೆದ ದೇಶಗಳಿವೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1890ರ ದಶಕದಲ್ಲಿ ಲೆಬರಾನ್ ಬ್ರಿಗ್ಸ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಡೀನ್ ಆಗಿ ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸುವುದನ್ನೇ ತಮ್ಮ ಮುಖ್ಯ ಕೆಲಸವಾಗಿ ಮಾಡಿಕೊಂಡರು. 1892ರಲ್ಲಿ ಬಾಗಿಲು ತೆರೆದ ಶಿಕಾಗೋ ವಿಶ್ವವಿದ್ಯಾನಿಲಯ, ವಿದ್ಯಾರ್ಥಿನಿಯರ ಯೋಗಕ್ಷೇಮಕ್ಕಾಗಿ ಆಲಿಸ್ ಫ್ರೀಮನ್ ಪಾಮರ್ ಅವರನ್ನು ಡೀನ್ ಆಗಿ ಕರೆತಂದಿತು. 1919ರಲ್ಲಿ ಇಂಥ ಡೀನ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. 1937ರಲ್ಲಿ ಅಮೆರಿಕದ ಶಿಕ್ಷಣ ಮಂಡಳಿಯೊಂದು ಹೊರಡಿಸಿದ ಹೇಳಿಕೆ, ವಿದ್ಯಾರ್ಥಿಯನ್ನು ಬುದ್ಧಿಯೊಂದನ್ನೇ ಹೊತ್ತು ತಿರುಗುವವನೆಂದು ಕಾಣದೆ ದೇಹ, ಮನಸ್ಸು, ಭಾವನೆ, ನಂಬಿಕೆಗಳುಳ್ಳ ಇಡೀ ವ್ಯಕ್ತಿಯೆಂದು ಕಾಣಬೇಕೆಂಬ ತತ್ತ್ವವನ್ನು ಸಾರಿತು. ಇಂದು ಆ ದೇಶದಲ್ಲಿ ಈ ಕೆಲಸಕ್ಕಾಗಿಯೇ ಸ್ನಾತಕೋತ್ತರ ಪದವಿಗಳಿವೆ, ಬಡ್ತಿಯ ಮೆಟ್ಟಿಲುಗಳಿವೆ, ಸಂಶೋಧನೆಯ ಪತ್ರಿಕೆಗಳಿವೆ.

ಇದನ್ನೆಲ್ಲ ಪರದೇಶದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಬಡ ವಿದ್ಯಾರ್ಥಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟವಿಕ್ಕುತ್ತಿದ್ದ ವಾರಾನ್ನದ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಮಠಗಳು, ಜಾತಿ ಸಮುದಾಯಗಳ ಸಂಘಗಳು, ಸರ್ಕಾರದ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಇಲಾಖೆಗಳು ಕಟ್ಟಿದ ವಿದ್ಯಾರ್ಥಿನಿಲಯಗಳಿಲ್ಲದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳ ಓದು ಹೈಸ್ಕೂಲಿಗೇ ಮುಗಿಯುತ್ತಿತ್ತು. ಇನ್ನು ನಮ್ಮ ಧರ್ಮಸಭೆಯಲ್ಲಂತೂ ಈ ಕಾಳಜಿಗೆ ದೀರ್ಘ ಪರಂಪರೆಯಿದೆ. ಸಂತ ಜೋನ್ ಬೋಸ್ಕೊ ಅವರು ಹತ್ತೊಂಬತ್ತನೆಯ ಶತಮಾನದ ಟ್ಯೂರಿನ್ ನಗರದಲ್ಲಿ ರೂಪಿಸಿದ ಶಿಕ್ಷಣಕ್ರಮ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಕಂಬಗಳ ಮೇಲೆ ನಿಂತಿತ್ತು. ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ, ಆಟದ ಬಯಲಿನಲ್ಲೂ ಊಟದ ಮನೆಯಲ್ಲೂ ಹುಡುಗರ ನಡುವೆಯೇ ಇದ್ದು ತಪ್ಪು ನಡೆಯದಂತೆ ನೋಡಿಕೊಳ್ಳುವುದು ಅವರ ರೀತಿ. ಸಂತ ಜೋನ್ ಹೆನ್ರಿ ನ್ಯೂಮನ್ ಅವರು 1854ರಲ್ಲಿ ಡಬ್ಲಿನ್ ನಗರದಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯವನ್ನು ಆರಂಭಿಸಿದಾಗ ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ನಿವಾಸಗಳಲ್ಲಿ ಇರಿಸಿ, ಪ್ರತಿಯೊಂದು ನಿವಾಸಕ್ಕೂ ಒಬ್ಬ ಹಿರಿಯರನ್ನು ನೇಮಿಸಿದರು. ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದೂ ಅಂಥ ಒಂದು ನಿವಾಸದ ಹೊಣೆಯನ್ನು ತಾವೇ ಹೊತ್ತರು. ಆ ನ್ಯೂಮನ್ ಅವರನ್ನೇ 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ನಮಗೆ ಹತ್ತಿರದ ಮಂಗಳೂರಿನಲ್ಲಿ 1880ರಲ್ಲಿ ಯೇಸುಸಭೆಯವರು ಸ್ಥಾಪಿಸಿದ ಕಾಲೇಜು ಸಂತ ಅಲೋಶಿಯಸ್ ಅವರ ಹೆಸರನ್ನು ಹೊತ್ತಿದೆ. ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ 1591ರಲ್ಲಿ ಇಪ್ಪತ್ತಮೂರರ ಹರೆಯದಲ್ಲೇ ಪ್ರಾಣ ತೆತ್ತ ಅವರು ಸ್ವತಃ ಒಬ್ಬ ವಿದ್ಯಾರ್ಥಿಯಾಗಿದ್ದರು ಎಂಬುದನ್ನು ನಾವು ಮರೆಯಬಾರದು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಪೂರ್ಣಾವಧಿಯ ವಿದ್ಯಾರ್ಥಿ ಕ್ಷೇಮಪಾಲನ ಡೀನ್ ಇರಬೇಕೆಂಬ ಮಾತನ್ನು 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೇ ಹೇಳಿತ್ತು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯ ವಿದ್ಯಾರ್ಥಿ ಅಮನ್ ಕಾಚ್ರೂ ರ‍್ಯಾಗಿಂಗ್‌ಗೆ ಬಲಿಯಾದ ನಂತರ, ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ನಿಯಮಾವಳಿಯನ್ನು ಹೊರಡಿಸಿತು. ಪ್ರತಿ ವಿದ್ಯಾರ್ಥಿನಿಲಯಕ್ಕೂ ಪೂರ್ಣಾವಧಿಯ ವಾರ್ಡನ್ ಇರಬೇಕು; ಅವರು ನಿಲಯದಲ್ಲೋ ಅದರ ಸಮೀಪದಲ್ಲೋ ವಾಸಿಸಬೇಕು; ಶಿಸ್ತನ್ನು ಕಾಪಾಡುವ ಸಾಮರ್ಥ್ಯದೊಂದಿಗೆ ಯುವಜನರೊಡನೆ ಮಾತನಾಡುವ, ಸಮಾಧಾನ ಹೇಳುವ ಕೌಶಲವೂ ಅವರಿಗಿರಬೇಕು ಎಂಬುದು ಅದರ ವಿಧಿ. ಹೊಸದಾಗಿ ಸೇರಿದವರನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪನ್ನೂ ಒಬ್ಬ ಅಧ್ಯಾಪಕರ ವಶಕ್ಕೆ ಒಪ್ಪಿಸಿ, ಅವರು ಪ್ರತಿಯೊಬ್ಬರನ್ನೂ ದಿನವೂ ಮಾತನಾಡಿಸಬೇಕೆಂದೂ ಅದು ಹೇಳುತ್ತದೆ. 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಯ ಹೊಸ ನಿಯಮಗಳು ಬಂದವು. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಬೇಕೆಂದು ಆದೇಶಿಸಿತು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು.

ನ್ಯಾಯಾಲಯವು ಇಷ್ಟು ಕಟುವಾಗಿ ಮಾತನಾಡಲು ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಮನೆ, ಒಬ್ಬ ತಾಯಿ ಇದ್ದಾರೆ. ಇಂಥ ದುರಂತಕ್ಕೆ ಒಂದೇ ಕಾರಣವಿರುವುದಿಲ್ಲ. ವಾರ್ಡನ್ ಒಬ್ಬರಿದ್ದ ಮಾತ್ರಕ್ಕೆ ಎಲ್ಲವೂ ತಪ್ಪುತ್ತದೆಂದು ಹೇಳುವುದೂ ಸತ್ಯವಾಗದು. ಆದರೆ ಮೂರು ದಿನದಿಂದ ಊಟಕ್ಕೆ ಬಾರದವನನ್ನು ಗಮನಿಸುವ ಕಣ್ಣು, ಬಾಗಿಲು ತಟ್ಟಿ ಒಳಗೆ ಬರಲೇ ಎಂದು ಕೇಳುವ ದನಿ ಇರುವ ಕಡೆ ಬದುಕುಳಿಯುವ ದಾರಿ ಒಂದು ಹೆಚ್ಚಾಗಿ ತೆರೆದಿರುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಗುಡ್ಡಗಾಡಿನ ಮಕ್ಕಳ ಸ್ಥಿತಿಯನ್ನು ವಿಶೇಷವಾಗಿ ಯೋಚಿಸಬೇಕಾಗಿದೆ. ತೋಟದ ಲೈನು ಮನೆಯಿಂದ ಕಾಲೇಜಿನ ಮೆಟ್ಟಿಲೇರಿದ ಹುಡುಗಿ ತನ್ನ ಮನೆತನದಲ್ಲಿ ಅಲ್ಲಿಗೆ ತಲಪಿದ ಮೊದಲಿಗಳಾಗಿರುತ್ತಾಳೆ. ಪ್ರವೇಶಪತ್ರ ತುಂಬುವುದರಿಂದ ಹಿಡಿದು ಪರೀಕ್ಷಾ ಶುಲ್ಕ ಕಟ್ಟುವವರೆಗೆ ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇರುವುದಿಲ್ಲ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ವರ್ಷದ ಹಣ ಕೈತಪ್ಪುತ್ತದೆ. ಮನೆಯ ಮಾತು ಕೊಂಕಣಿಯೋ ತಮಿಳೋ ತುಳುವೋ, ಶಾಲೆಯ ಮಾತು ಕನ್ನಡ, ಕಾಲೇಜಿನ ಪುಸ್ತಕ ಇಂಗ್ಲಿಷ್. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಮನೆಯವರಿಗೆ ನಾಲ್ಕು ಕಾಸು ಹೆಚ್ಚು ಸಿಗುವ ಆ ದಿನಗಳಲ್ಲಿ ಮಗನೂ ಹಣ್ಣು ಕೊಯ್ಯಲು ಊರಿಗೆ ಬರುತ್ತಾನೆ. ಇತ್ತ ಶೇಕಡ 75ರ ಹಾಜರಾತಿ ಕೊರತೆಯಾಗಿ ಪರೀಕ್ಷೆಗೆ ಕುಳ್ಳಿರಿಸುವುದಿಲ್ಲವೆಂಬ ಪತ್ರ ಅವನಿಗಾಗಿ ಕಾದಿರುತ್ತದೆ. ಮಳೆಗಾಲದಲ್ಲಿ ಭದ್ರೆ ಉಕ್ಕಿದರೆ ಕಳಸದ ಹೆಬ್ಬಾಳೆ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿಯ ದಾರಿಯೇ ಮುಚ್ಚಿಹೋಗಿತ್ತು. ಮನೆಯಿಂದ ಸುದ್ದಿ ಬಾರದ ಅಂಥ ರಾತ್ರಿಗಳಲ್ಲಿ ಬಯಲುಸೀಮೆಯ ನಗರದ ನಿಲಯದಲ್ಲಿ ಕುಳಿತ ನಮ್ಮ ಮಗು ಯಾರೊಡನೆ ಮಾತನಾಡಬೇಕು?

ಈ ಒಂದೊಂದು ತೊಡಕಿಗೂ ಪರಿಹಾರವಿದೆ. ಹಾಜರಾತಿ ಕುಸಿಯುವ ಮುನ್ನವೇ ಕರೆದು ಮಾತನಾಡಿಸಿ ಕೊಯ್ಲಿನ ದಿನಗಳನ್ನು ರಜೆಯ ದಿನಗಳೊಂದಿಗೆ ಹೊಂದಿಸಿಕೊಡಬಹುದು. ವಿದ್ಯಾರ್ಥಿವೇತನದ ಕೊನೆಯ ದಿನಾಂಕಕ್ಕೆ ತಿಂಗಳ ಮೊದಲೇ ಪ್ರತಿಯೊಬ್ಬರ ಕಾಗದಪತ್ರ ಪರಿಶೀಲಿಸಬಹುದು. ಇಂಗ್ಲಿಷಿನ ಭಯವಿರುವವರಿಗೆ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೂಡಿಸಬಹುದು. ಮನಸ್ಸಿನ ಬೇನೆ ಯಾವುದು, ಬರಿಯ ಮನೆಯ ನೆನಪು ಯಾವುದು ಎಂದು ಗುರುತಿಸಿ, ಮೊದಲನೆಯದಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬಹುದು. ಆದರೆ ಇವೆಲ್ಲ ಒಳ್ಳೆಯ ಮನಸ್ಸೊಂದರಿಂದಲೇ ಆಗುವ ಕೆಲಸಗಳಲ್ಲ. ಇವಕ್ಕೆ ಸಮಯ ಬೇಕು, ತಿಳಿವಳಿಕೆ ಬೇಕು, ಅಧಿಕಾರ ಬೇಕು. ಈ ಮೂರೂ ಕೂಡಿದ ಕೆಲಸಕ್ಕೇ ವೃತ್ತಿ ಎನ್ನುವುದು.

ನಮ್ಮ ಗುರುಗಳೂ ಧರ್ಮಭಗಿನಿಯರೂ ಸಂಬಳವಿಲ್ಲದೆ ಇದನ್ನೆಲ್ಲ ಮಾಡಿಕೊಂಡು ಬಂದಿದ್ದಾರಲ್ಲ, ಈಗೇಕೆ ಹೊಸ ಹುದ್ದೆ ಎಂದು ಕೇಳುವವರಿದ್ದಾರೆ. ಆ ತ್ಯಾಗಕ್ಕೆ ನಮ್ಮ ಸಮಾಜ ಎಷ್ಟು ಕೃತಜ್ಞತೆ ಸಲ್ಲಿಸಿದರೂ ಸಾಲದು. ಆದರೆ ಪಾಪನಿವೇದನೆಯ ಪೀಠ ಬೇರೆ, ಆಪ್ತಸಮಾಲೋಚಕರ ಕುರ್ಚಿ ಬೇರೆ. ಒಂದು ದೇವರ ಕ್ಷಮೆಯನ್ನು ದೊರಕಿಸುತ್ತದೆ. ಇನ್ನೊಂದು ಕದಡಿದ ಮನಸ್ಸನ್ನು ಶಾಸ್ತ್ರೀಯವಾಗಿ ಅರಿತು ಸಹಾಯ ನೀಡುತ್ತದೆ. ಒಂದೇ ವ್ಯಕ್ತಿ ಎರಡನ್ನೂ ಮಾಡಬಹುದು, ಆದರೆ ಎರಡನೆಯದಕ್ಕೆ ಗುರುದೀಕ್ಷೆಯ ಜೊತೆಗೆ ಬೇರೆಯೇ ಅಧ್ಯಯನ ಅಗತ್ಯ. ನಮ್ಮ ಸಂಸ್ಥೆಗಳಲ್ಲಿ ಓದುವವರು ಎಲ್ಲ ಧರ್ಮಗಳ ಮಕ್ಕಳೆಂಬುದನ್ನೂ ನೆನಪಿಡಬೇಕು. ಮುಸ್ಲಿಂ ಹುಡುಗಿಯೊಬ್ಬಳು, ಒಕ್ಕಲಿಗರ ಹುಡುಗನೊಬ್ಬ ತನ್ನ ದುಃಖವನ್ನು ಹೇಳಿಕೊಳ್ಳಲು ಬಂದಾಗ ಅವರ ನಂಬಿಕೆಗೆ ಗೌರವವಿತ್ತು, ಯಾವ ಒಳ ಉದ್ದೇಶವೂ ಇಲ್ಲದೆ ಕಿವಿಗೊಡಬಲ್ಲ ವ್ಯಕ್ತಿ ಅಲ್ಲಿರಬೇಕು.

ಹಣವೆಲ್ಲಿಂದ ಎಂಬ ಪ್ರಶ್ನೆ ಎರಡನೆಯದು. ಕಟ್ಟಡಕ್ಕೆ, ಸಭಾಂಗಣಕ್ಕೆ, ಶತಮಾನೋತ್ಸವದ ಕಮಾನಿಗೆ ದಾನಿಗಳನ್ನು ಹುಡುಕಿ ತರಬಲ್ಲ ನಾವು, ಒಬ್ಬ ಸಮಾಲೋಚಕರ ವೇತನಕ್ಕೆ ದಾನಿಗಳಿಲ್ಲವೆಂದರೆ ಯಾರು ನಂಬುತ್ತಾರೆ? ನ್ಯಾಕ್ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳಿಗೆ ನೀಡುವ ಬೆಂಬಲಕ್ಕೇ ಒಂದು ಪ್ರತ್ಯೇಕ ಮಾನದಂಡವಿದೆ. ಅದಕ್ಕಾಗಿ ದಾಖಲೆಗಳನ್ನು ಸಿದ್ಧಪಡಿಸುವ ಶ್ರಮದ ಅರ್ಧವನ್ನು ಆ ಬೆಂಬಲವನ್ನು ನಿಜವಾಗಿ ನೀಡುವುದಕ್ಕೆ ಬಳಸಿದರೆ ದಾಖಲೆಯೂ ತಾನಾಗಿ ಸಿದ್ಧವಾಗುತ್ತದೆ.

ನಮ್ಮ ಕಾಲದಲ್ಲಿ ಇದೊಂದೂ ಇರಲಿಲ್ಲ, ನಾವು ಓದಲಿಲ್ಲವೇ ಎಂಬುದು ಹಿರಿಯರ ಮೂರನೆಯ ಆಕ್ಷೇಪ. ಓದಿ ಮುಂದೆ ಬಂದವರು ಹೀಗೆ ಕೇಳಬಲ್ಲರು. ನಡುವೆಯೇ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಮರಳಿದವರು ಇಂದು ಈ ಮಾತನ್ನು ಆಡಲು ನಮ್ಮೆದುರು ಇಲ್ಲ. ಅವರ ಸಂಖ್ಯೆಯನ್ನು ಯಾರೂ ಎಣಿಸಿಡಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ನೋಡಿಕೊಳ್ಳುವುದೆಂದರೆ ಕಾವಲು ಕಾಯುವುದೆಂದು ಅನೇಕ ನಿಲಯಗಳಲ್ಲಿ ಭಾವಿಸಲಾಗಿದೆ. ಹುಡುಗಿಯರ ನಿಲಯದ ಗೇಟು ಕತ್ತಲಾಗುವ ಮುನ್ನವೇ ಮುಚ್ಚುತ್ತದೆ. ಹುಡುಗರದ್ದು ತಡರಾತ್ರಿಯವರೆಗೂ ತೆರೆದಿರುತ್ತದೆ. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಮೇಲೆ ಹುಡುಗರಿಗಿಲ್ಲದ ನಿರ್ಬಂಧಗಳನ್ನು ಹೇರಬಾರದೆಂದು ಧನಸಹಾಯ ಆಯೋಗದ 2015ರ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ವಿದ್ಯಾರ್ಥಿ ನಂಬಿ ಹೇಳಿದ ಮಾತನ್ನು ಪ್ರಾಂಶುಪಾಲರಿಗೂ ಮನೆಯವರಿಗೂ ಒಡನೆಯೇ ಮುಟ್ಟಿಸುವ ವಾರ್ಡನ್ ಬಳಿಗೆ ಎರಡನೆಯ ಸಲ ಯಾರೂ ಸುಳಿಯುವುದಿಲ್ಲ. ಪ್ರಾಣಾಪಾಯದ ಸಂದರ್ಭವನ್ನು ಬಿಟ್ಟರೆ ಗುಟ್ಟನ್ನು ಗುಟ್ಟಾಗಿಡುವುದು ಈ ವೃತ್ತಿಯ ಮೊದಲ ಧರ್ಮ. ಕಾಫಿ ಬೆಳೆಗಾರರಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ. ನೆರಳಿಲ್ಲದ ಎಳೆಯ ಗಿಡ ಬಿಸಿಲಿಗೆ ಬಾಡುತ್ತದೆ. ನೆರಳು ಮಿತಿಮೀರಿದರೆ ಹೂವೇ ಕಡಿಮೆಯಾಗುತ್ತದೆ. ಆದ್ದರಿಂದಲೇ ಮರಗಸಿ ಮಾಡಲು ಬಲ್ಲ ಆಳನ್ನೇ ಹುಡುಕಿ ಕರೆಯುತ್ತೇವೆ, ಕೈಗೆ ಸಿಕ್ಕವನ ಕೈಗೆ ಕತ್ತಿ ಕೊಡುವುದಿಲ್ಲ. ಗಿಡಕ್ಕೆ ತೋರುವ ಈ ವಿವೇಕವನ್ನು ಮಕ್ಕಳಿಗೂ ತೋರೋಣ.

1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ಥಾಪಿತವಾದ ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರವು ಶಿಕ್ಷಣಕ್ಕೆ ಸಲ್ಲಿಸಿದ ಸೇವೆಯನ್ನು ಎಲ್ಲರೂ ಬಲ್ಲರು. ಆ ಸೇವೆಯ ಮುಂದಿನ ಹೆಜ್ಜೆಯಾಗಿ ಕೆಲವು ಮಾತುಗಳನ್ನು ವಿನಯದಿಂದ ಸೂಚಿಸುತ್ತೇವೆ. ಮೊದಲನೆಯದಾಗಿ, ನಮ್ಮವರು ನಡೆಸುವ ಪ್ರತಿ ವಿದ್ಯಾರ್ಥಿನಿಲಯಕ್ಕೂ ಪೂರ್ಣಾವಧಿಯ, ತರಬೇತಿ ಪಡೆದ, ನ್ಯಾಯವಾದ ವೇತನವುಳ್ಳ ವಾರ್ಡನ್ ಇರಲಿ. ಅವರು ಗುರುಗಳಾಗಲಿ, ಧರ್ಮಭಗಿನಿಯಾಗಲಿ, ಶ್ರೀಸಾಮಾನ್ಯರಾಗಲಿ. ಒಬ್ಬೊಬ್ಬ ಸಮಾಲೋಚಕರನ್ನು ನೇಮಿಸಲು ಶಕ್ತಿಯಿಲ್ಲದ ಚಿಕ್ಕ ಸಂಸ್ಥೆಗಳು ಒಟ್ಟುಗೂಡಿ ಒಬ್ಬರನ್ನು ನೇಮಿಸಿಕೊಳ್ಳಲಿ. ಮೂಡಿಗೆರೆಗೆ ಎರಡು ದಿನ, ಕಳಸಕ್ಕೆ ಒಂದು ದಿನ, ಬಾಳೆಹೊನ್ನೂರಿಗೆ ಒಂದು ದಿನ ಎಂದು ಹಂಚಿಕೊಂಡರೂ ಅದು ದೊಡ್ಡ ಆಸರೆ. ಎರಡನೆಯದಾಗಿ, ಈಗಿರುವ ವಾರ್ಡನ್‌ಗಳಿಗೂ ಉಪನ್ಯಾಸಕರಿಗೂ ತರಬೇತಿಯ ವ್ಯವಸ್ಥೆಯಾಗಲಿ. ಮಂಗಳೂರಿನಲ್ಲಿ ಧರ್ಮಭಗಿನಿಯರೇ 1960ರಲ್ಲಿ ಸ್ಥಾಪಿಸಿದ ರೋಶನಿ ನಿಲಯ ಸಮಾಜಕಾರ್ಯ ಕಾಲೇಜಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಿಂದ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೂ ದೊರೆಯುತ್ತಿರುವ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ನಿಲಯದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲು ಯಾವ ಅನುದಾನವೂ ಬೇಕಿಲ್ಲ.

ಮೂರನೆಯದು ನಮ್ಮ ಧರ್ಮಕೇಂದ್ರಗಳಿಗೆ ಸಂಬಂಧಿಸಿದ್ದು. ಒಬ್ಬ ಯುವಕ ಮದುವೆಯಾಗಲು ಬೇರೆ ಧರ್ಮಕೇಂದ್ರಕ್ಕೆ ಹೋಗುವಾಗ ಇಲ್ಲಿಂದ ಪತ್ರ ಹೋಗುತ್ತದೆ. ಅದೇ ಯುವಕ ಓದಲು ಹೋಗುವಾಗ ಮಾತ್ರ ಯಾವ ಪತ್ರವೂ ಹೋಗುವುದಿಲ್ಲ. ಊರು ಬಿಡುವ ಪ್ರತಿ ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಅವನು ಸೇರುವ ಊರಿನ ಧರ್ಮಕೇಂದ್ರದ ಗುರುಗಳಿಗೆ ನಾಲ್ಕು ಸಾಲು ಬರೆದು ತಿಳಿಸುವ ಪದ್ಧತಿಯನ್ನು ಈ ವರ್ಷವೇ ಆರಂಭಿಸಬಹುದು. ಕಥೋಲಿಕ ವಿದ್ಯಾರ್ಥಿಗಳ ಅಖಿಲ ಭಾರತ ಸಂಘಟನೆಯಾದ ಎ.ಐ.ಸಿ.ಯು.ಎಫ್. ಒಂದು ಶತಮಾನದ ಇತಿಹಾಸವುಳ್ಳದ್ದು. ಅದರ ಘಟಕ ಆ ಕಾಲೇಜಿನಲ್ಲಿದೆಯೇ ಎಂದು ವಿಚಾರಿಸಿ ಹೇಳುವುದೂ ಕಷ್ಟವಲ್ಲ.

ನಾಲ್ಕನೆಯ ಮಾತು ನಮ್ಮ ಯುವಜನರಿಗೆ. ಸೇವೆಯ ಮನಸ್ಸುಳ್ಳವರಿಗೆ ದಾದಿಯರ ವೃತ್ತಿ, ಶಿಕ್ಷಕ ವೃತ್ತಿ ಎಂಬ ಎರಡೇ ದಾರಿಗಳಿವೆಯೆಂದು ನಮ್ಮ ಮನೆಗಳಲ್ಲಿ ಬಹುಕಾಲ ತಿಳಿದಿದ್ದೆವು. ಸಮಾಜಕಾರ್ಯದಲ್ಲೋ ಸಮಾಲೋಚನ ಮನಶ್ಶಾಸ್ತ್ರದಲ್ಲೋ ಸ್ನಾತಕೋತ್ತರ ಪದವಿ ಪಡೆದು ವಿದ್ಯಾರ್ಥಿ ಕ್ಷೇಮಪಾಲನೆಯನ್ನೇ ಜೀವನದ ಕೆಲಸವನ್ನಾಗಿ ಆರಿಸಿಕೊಳ್ಳುವುದು ಮೂರನೆಯ ದಾರಿ. ಸರ್ವೋಚ್ಚ ನ್ಯಾಯಾಲಯದ ಆದೇಶ ಪೂರ್ತಿಯಾಗಿ ಜಾರಿಗೆ ಬಂದರೆ ಇಂಥವರ ಅಗತ್ಯ ಊರೂರಿಗೂ ಬೀಳಲಿದೆ. ಕೊಂಕಣಿ, ಕನ್ನಡ, ತಮಿಳು ಮೂರನ್ನೂ ಮಾತನಾಡುತ್ತ, ಲೈನು ಮನೆಯ ಬದುಕನ್ನೂ ಮಳೆಗಾಲದ ದಾರಿಯನ್ನೂ ಬಲ್ಲ ಮಲೆನಾಡಿನ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ಹೆಚ್ಚು ಅರ್ಹರು ಯಾರಿದ್ದಾರೆ? ಸಂಬಳ ಇಂಜಿನಿಯರಿನಷ್ಟು ಇರಲಾರದು. ಆದರೆ ಮಗಳು ಈ ದಾರಿ ಹಿಡಿಯುತ್ತೇನೆಂದಾಗ ತಂದೆತಾಯಿಗಳು ಮುಖ ಗಂಟಿಕ್ಕದಿರಲಿ ಎಂದು ಕೋರುತ್ತೇವೆ.

ಪುನರುತ್ಥಾನದ ದಿನ ಎಮ್ಮಾವುಸಿನ ದಾರಿಯಲ್ಲಿ ನಿರಾಶರಾಗಿ ನಡೆಯುತ್ತಿದ್ದ ಇಬ್ಬರು ಶಿಷ್ಯರನ್ನು ಪ್ರಭು ಯೇಸು ಕೂಡಿಕೊಂಡ ಪ್ರಸಂಗವನ್ನು ಶುಭಸಂದೇಶದಲ್ಲಿ ಓದಿದ್ದೇವೆ. ಅವರು ಮೊದಲು ಉಪದೇಶಿಸಲಿಲ್ಲ. ಜೊತೆಯಲ್ಲಿ ಹೆಜ್ಜೆ ಹಾಕಿದರು, ಏನು ಮಾತನಾಡುತ್ತಿದ್ದೀರೆಂದು ಕೇಳಿದರು, ಅವರ ದುಃಖವನ್ನು ಪೂರ್ತಿಯಾಗಿ ಆಲಿಸಿದರು. ವಿವರಣೆ ಅನಂತರ ಬಂತು, ರೊಟ್ಟಿ ಮುರಿದದ್ದು ಅದಕ್ಕೂ ಆಮೇಲೆ. ಯುವಜನರನ್ನು ಕುರಿತು 2019ರಲ್ಲಿ ಬರೆದ ಪ್ರೇಷಿತ ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಈ ಪ್ರಸಂಗವನ್ನೇ ಮಾದರಿಯಾಗಿ ಮುಂದಿಟ್ಟಿದ್ದರು. ಊರಿನಿಂದ ದೂರ, ಅಪರಿಚಿತ ದಾರಿಯಲ್ಲಿ ನಡೆಯುತ್ತಿರುವ ನಮ್ಮ ಮಕ್ಕಳ ಪಕ್ಕದಲ್ಲಿ ಹಾಗೆ ಹೆಜ್ಜೆ ಹಾಕುವವರನ್ನು ಸಿದ್ಧಗೊಳಿಸುವುದು, ಸಿದ್ಧರಾದವರಿಗೆ ಮಾನ್ಯತೆಯನ್ನೂ ಅನ್ನವನ್ನೂ ಒದಗಿಸುವುದು ನಮ್ಮ ಸಂಸ್ಥೆಗಳ ಕರ್ತವ್ಯ. ಇನ್ನು ಮುಂದೆ ಮಗುವನ್ನು ಕಾಲೇಜಿಗೆ ಸೇರಿಸಲು ಹೋದಾಗ ಪ್ರತಿಯೊಬ್ಬ ತಂದೆತಾಯಿ ಪ್ರಾಂಶುಪಾಲರ ಮುಂದೆ ಆ ಒಂದು ಪ್ರಶ್ನೆಯನ್ನೂ ಇಡಲಿ: ತರಗತಿ ಮುಗಿದ ಮೇಲೆ ಇವರನ್ನು ನೋಡಿಕೊಳ್ಳುವವರು ಯಾರು? ಕೇಳುವವರು ಹೆಚ್ಚಾದಂತೆ ಉತ್ತರ ಕೊಡಬೇಕಾದವರೂ ಎಚ್ಚರಗೊಳ್ಳುವರೆಂಬ ವಿಶ್ವಾಸ ನಮಗಿದೆ.